ಆಣೆ ಬೇಡ, ಚೀಟಿ ಬರೆಸಿ: ಯೋಧರ ಮನೆಯವರಿಗೊಂದು ಮಾರ್ಗದರ್ಶಿ

ಈ ಕ್ಷಣ ನಿಮ್ಮ ಮನೆಯಲ್ಲಿ ಯಾರಾದರೂ ಸಾಯುವ ಮಾತಾಡುತ್ತಿದ್ದರೆ ಈ ಲೇಖನ ಪಕ್ಕಕ್ಕಿಡಿ. ಅವರನ್ನು ಒಂಟಿಯಾಗಿ ಬಿಡದೆ, ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಜೀವಕ್ಕೆ ಆಗಲೇ ಅಪಾಯವಾಗಿದ್ದರೆ 112 ಅಥವಾ 108. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಸೈನ್ಯದಲ್ಲಿರುವವರೋ ಸೈನ್ಯದಿಂದ ನಿವೃತ್ತರಾಗಿ ಬಂದವರೋ ಮನೆಯಲ್ಲಿ "ಸಾಕಾಗಿದೆ, ಹೋಗಿಬಿಡೋಣ ಅನ್ಸುತ್ತೆ" ಎಂದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಆಣೆ ಇಡಿಸಿಕೊಳ್ಳುತ್ತೇವೆ. "ಮಗಳ ತಲೆ ಮುಟ್ಟಿ ಹೇಳಿ, ಇನ್ಮೇಲೆ ಹಂಗೆಲ್ಲ ಯೋಚನೆ ಮಾಡಲ್ಲ ಅಂತ." ಅವರು ಮುಟ್ಟಿ ಹೇಳುತ್ತಾರೆ. ನಮಗೆ ನೆಮ್ಮದಿಯಾಗುತ್ತದೆ. ಆದರೆ ಆ ಯೋಚನೆ ಮತ್ತೆ ಬಂದ ರಾತ್ರಿ ಅವರು ನಮ್ಮನ್ನು ಎಬ್ಬಿಸುವಂತಿಲ್ಲ. ಎಬ್ಬಿಸಿದರೆ ಮಗಳ ಮೇಲಿಟ್ಟ ಆಣೆ ಮುರಿದಂತಾಗುತ್ತದಲ್ಲ.

ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲೂ ಬಹಳ ಕಾಲ ಇಂಥದೇ ಪದ್ಧತಿಯಿತ್ತು. "ನಾನು ಜೀವಕ್ಕೆ ಅಪಾಯ ಮಾಡಿಕೊಳ್ಳುವುದಿಲ್ಲ" ಎಂದು ರೋಗಿಯಿಂದ ಮಾತು ತೆಗೆದುಕೊಂಡು ಕಳಿಸುತ್ತಿದ್ದರು. ವಾಯುಪಡೆಯಲ್ಲಿ ಸೇವೆ ಮಾಡಿ, ಇರಾಕಿಗೂ ಹೋಗಿಬಂದ ಮನಶ್ಶಾಸ್ತ್ರಜ್ಞ ಕ್ರೇಗ್ ಬ್ರಯಾನ್ ಮತ್ತು ಅವರ ತಂಡ ಇದನ್ನು ಪರೀಕ್ಷೆಗೆ ಒಡ್ಡಿತು. ಕೊಲೊರಾಡೊದ ಫೋರ್ಟ್ ಕಾರ್ಸನ್ ಸೇನಾ ನೆಲೆಯಲ್ಲಿ ಆತ್ಮಹತ್ಯೆಯ ಯೋಚನೆಯಿಂದ ನರಳುತ್ತಿದ್ದ 97 ಸೈನಿಕರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಂದ ಮಾತು ತೆಗೆದುಕೊಂಡರು. ಉಳಿದವರ ಕೈಯಲ್ಲಿ ಒಂದು ಸಣ್ಣ ಕಾರ್ಡಿನ ಮೇಲೆ ಕಷ್ಟದ ಹೊತ್ತಿನಲ್ಲಿ ಏನೇನು ಮಾಡಬೇಕೆಂದು ಬರೆಸಿದರು. ಫಲಿತಾಂಶ ಪ್ರಕಟವಾದದ್ದು 2017ರಲ್ಲಿ. ಆರು ತಿಂಗಳೊಳಗೆ ಆತ್ಮಹತ್ಯೆಗೆ ಯತ್ನಿಸಿದವರು ಮಾತು ಕೊಟ್ಟವರಲ್ಲಿ ಶೇ. 19, ಕಾರ್ಡು ಬರೆದವರಲ್ಲಿ ಶೇ. 5.

ಕೊಡಗು, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾಸನ ಎಲ್ಲ ಕಡೆಯೂ ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ಮನೆಗಳಿವೆ. ಯೋಧರ ಮೇಲೆಯೇ ನಡೆದ ಇಂಥ ಸಂಶೋಧನೆ ಆ ಮನೆಗಳ ಅಡುಗೆಮನೆ, ಜಗಲಿಗಳಿಗೆ ತಲುಪಬೇಕು ಎಂಬುದು ಈ ಬರಹದ ಆಸೆ. ಇದರಲ್ಲಿ ಬಹುಪಾಲು ಕೆಲಸಕ್ಕೆ ಡಾಕ್ಟರ್ ಆಗಬೇಕಾಗಿಲ್ಲ.

ಮೊದಲು ಗಮನಿಸಿ

"ಅವನು ಕಾಶ್ಮೀರಕ್ಕೂ ಹೋಗಿಲ್ಲ, ಯುದ್ಧವನ್ನೂ ನೋಡಿಲ್ಲ, ಅವನಿಗೇನಾಗಿದೆ" ಎಂಬ ಮಾತನ್ನು ಮೊದಲು ಬಿಡಬೇಕು. ಅಮೆರಿಕದ ಸೇನೆಯಲ್ಲಿ ಆತ್ಮಹತ್ಯೆಗಳು ಏರುತ್ತಿದ್ದಾಗ, 2009ರಲ್ಲಿ ಆರ್ಮಿ ಸ್ಟಾರ್ಸ್ ಎಂಬ ಬಹಳ ದೊಡ್ಡ ಅಧ್ಯಯನ ಶುರುವಾಯಿತು. ಯುದ್ಧಭೂಮಿಗೆ ಹೋದವರಲ್ಲಿ ಮಾತ್ರವಲ್ಲ, ಒಮ್ಮೆಯೂ ಹೋಗದವರಲ್ಲೂ ಪ್ರಮಾಣ ಏರಿತ್ತು ಎಂಬುದನ್ನು ಅದು ತೋರಿಸಿತು. ನಮ್ಮ ರಕ್ಷಣಾ ಸಚಿವಾಲಯ ಸಂಸತ್ತಿಗೆ ಕೊಟ್ಟ ಉತ್ತರಗಳಲ್ಲೂ ಕೌಟುಂಬಿಕ ಸಮಸ್ಯೆ, ದಾಂಪತ್ಯದ ಬಿರುಕು, ಹಣದ ಮುಗ್ಗಟ್ಟು, ಒತ್ತಡ ಇವೇ ಕಾರಣಗಳಾಗಿ ಬರುತ್ತವೆ. ಊರ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಣ್ಣತಮ್ಮಂದಿರ ಹಿಸ್ಸೆಯ ತಗಾದೆ, ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿರುವ ಫೈಲು, ರಜೆ ಸಿಗದೆ ತಪ್ಪಿಹೋದ ಅಪ್ಪನ ಮಣ್ಣು, ಇವೆಲ್ಲ ದೂರದ ಪೋಸ್ಟಿನಲ್ಲಿ ಕೂತವರ ತಲೆಯೊಳಗೆ ದೊಡ್ಡದಾಗುತ್ತಾ ಹೋಗುತ್ತವೆ.

ನಿವೃತ್ತಿಯ ನಂತರದ ಕಾಲ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ 2022ರ ಒಂದೇ ವರ್ಷ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ನಮ್ಮಲ್ಲಿ ಸಿಪಾಯಿಯಾಗಿ ಸೇರಿದ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ನಿನ್ನೆಯವರೆಗೆ ಹತ್ತು ಜನ ಇವರ ಮಾತು ಕೇಳುತ್ತಿದ್ದರು. ಇವತ್ತು ಎಟಿಎಂ ಮುಂದೆ ಸ್ಟೂಲ್ ಹಾಕಿಕೊಂಡು ಕೂರಬೇಕು. ಮನೆಯಲ್ಲಿ ಇವರಿಲ್ಲದೆಯೇ ಎಲ್ಲವೂ ನಡೆಯುವುದು ರೂಢಿಯಾಗಿರುತ್ತದೆ. ಸೈನಿಕರ ಆತ್ಮಹತ್ಯೆಯ ಕುರಿತ ಸಂಶೋಧನೆಗೆಂದೇ 2010ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಕ್ಕೂಟವನ್ನು ಪೀಟರ್ ಗುಟಿಯೆರಸ್ ಜೊತೆ ಮುನ್ನಡೆಸಿದ ಥಾಮಸ್ ಜಾಯ್ನರ್ ಎರಡು ಭಾವನೆಗಳ ಬಗ್ಗೆ ಎಚ್ಚರಿಸುತ್ತಾರೆ: ನಾನು ಯಾರಿಗೂ ಸೇರಿದವನಲ್ಲ, ನಾನು ಎಲ್ಲರಿಗೂ ಹೊರೆ. ಇವೆರಡೂ ಒಟ್ಟಿಗೆ ಕೂಡಿಬಂದಾಗ ಸಾಯುವ ಬಯಕೆ ಬಲಿಯುತ್ತದೆ. ನೋವಿಗೆ, ಸಾವಿಗೆ ಅಂಜದಂತೆ ಪಳಗಿದ ಮೈಮನಸ್ಸು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. "ನಾನಿಲ್ಲದಿದ್ರೇ ನಿಮಗೆ ಆರಾಮ" ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬೇಡಿ.

ನಿದ್ದೆ ಕೆಡುವುದು, ಮಿಲಿಟರಿ ಕ್ಯಾಂಟೀನ್ ಕೋಟಾದ ಮದ್ಯದ ಬಾಟಲಿ ತಿಂಗಳು ಮುಗಿಯುವ ಮೊದಲೇ ಖಾಲಿಯಾಗುವುದು, ಹಳೆಯ ಜೊತೆಗಾರರ ಫೋನ್ ಎತ್ತದಿರುವುದು, ಇವು ನಿಧಾನವಾಗಿ ಕಾಣುವ ಗುರುತುಗಳು. ಪಿಪಿಒ (ಪಿಂಚಣಿ ಆದೇಶ) ಕಾಗದ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು, ಪಾಸ್‌ಬುಕ್ಕು ಎಲ್ಲವನ್ನೂ ಒಂದು ಕವರಿಗೆ ಹಾಕಿ, ಎಟಿಎಂ ಪಿನ್ ಬರೆದಿಟ್ಟು, "ಇಲ್ಲಿಟ್ಟಿದೀನಿ, ನೋಡ್ಕೋ" ಎಂದು ಹೆಂಡತಿಗೆ ತೋರಿಸಿದರೆ, ಅದೂ ಬಹಳ ದಿನ ಮಂಕಾಗಿದ್ದವರು ಇದ್ದಕ್ಕಿದ್ದಂತೆ ಹೀಗೆ ಮಾಡಿದರೆ, ಆ ದಿನವೇ ಮಾತಾಡಬೇಕು.

ನೇರವಾಗಿ ಕೇಳಿ

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹೆದರುವವರೇ ಜಾಸ್ತಿ. ಈ ಹೆದರಿಕೆಯ ಬಗ್ಗೆ ನಡೆದ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕೇಳಿದ್ದರಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಹೇಳಿಕೊಂಡವರಿಗೆ ಭಾರ ಇಳಿದಂತಾಗುವುದೇ ಹೆಚ್ಚು.

ನಾಲ್ಕು ಜನರ ಎದುರು ಕೇಳಬೇಡಿ. ಕುಡಿದಿರುವಾಗಲೂ ಬೇಡ. ಎದುರಾಬದುರು ಕೂರಿಸಿ ವಿಚಾರಣೆ ಮಾಡುವುದಕ್ಕಿಂತ ತೋಟಕ್ಕೆ ನಡೆದು ಹೋಗುವಾಗ, ಬೈಕಿನ ಹಿಂದೆ ಕೂತಾಗ ಮಾತು ಸಲೀಸಾಗಿ ಬರುತ್ತದೆ. ಹೆಂಡತಿ ಕೇಳುವುದಾದರೆ ಹೀಗೆ: "ರೀ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬದುಕೇ ಬೇಡ ಅಂತ ಯಾವತ್ತಾದ್ರೂ ಅನ್ಸಿದೆಯಾ?" ಅನ್ನಿಸಿದೆ ಎಂದರೆ ಮುಂದಿನದು: "ಜೀವ ಕಳ್ಕೊಳ್ಳೋ ಯೋಚನೆ ಬಂದಿದೆಯಾ?" ಆಮೇಲೆ, ಹೇಗೆ ಎಂದು ಯೋಚಿಸಿದ್ದಾರೆಯೇ, ಮಾಡಿಯೇಬಿಡಬೇಕು ಎನಿಸಿದೆಯೇ, ಅದಕ್ಕೇನಾದರೂ ತಯಾರಿ ಮಾಡಿಕೊಂಡಿದ್ದಾರೆಯೇ, ಹಿಂದೆ ಯಾವಾಗಲಾದರೂ ಯತ್ನಿಸಿದ್ದರೇ. ಅಮೆರಿಕದ ಸೇನೆಯಲ್ಲಿ ಬಳಸುವ ಕೊಲಂಬಿಯಾ ಪ್ರಶ್ನಾವಳಿ ಹೆಚ್ಚುಕಡಿಮೆ ಇದೇ ಕ್ರಮದಲ್ಲಿದೆ, ಅದನ್ನು ಕೇಳಲು ಮನೋವೈದ್ಯರೇ ಆಗಬೇಕಿಲ್ಲ. ಮಾಡಿಯೇಬಿಡುವ ಮನಸ್ಸಿದೆ, ತಯಾರಿಯೂ ಆಗಿದೆ ಎಂಬ ಉತ್ತರ ಬಂದರೆ, ಅಥವಾ ಇತ್ತೀಚೆಗೆ ಯತ್ನಿಸಿದ್ದರೆ, ಚೀಟಿ ಗೀಟಿ ಎಂದು ಕೂರದೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಅಲ್ಲಿಯವರೆಗೆ ಒಬ್ಬರು ಜೊತೆಯಲ್ಲಿರಲೇಬೇಕು.

ಅವರು ಹೇಳುವಾಗ ನೀವು ಬುದ್ಧಿ ಹೇಳಬೇಡಿ. "ಫೌಜಿಯಾಗಿ ಹಿಂಗೆ ಮಾತಾಡ್ತೀರಲ್ಲ" ಎಂಬ ಒಂದು ಮಾತು ಸಾಕು, ಬಾಯಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಚೀಟಿ ಬರೆಸಿ

ಮಾತಾಡಿ ಮನಸ್ಸು ಸ್ವಲ್ಪ ಹಗುರಾದ ಮೇಲೆ, ಅಂಗೈಯಗಲದ ಒಂದು ದಪ್ಪ ಕಾಗದ ತೆಗೆದುಕೊಳ್ಳಿ. ಪೆನ್ನು ಅವರ ಕೈಯಲ್ಲಿರಲಿ. ಬರೆಯುವುದು ಅವರು, ಮಾತು ಅವರದು, ನೀವು ಕೇಳುತ್ತಾ ಹೋಗುವವರು ಮಾತ್ರ. ಕಾವಲಿಗೆ ನಿಂತ ಜವಾನ ಗುಂಡಿನ ಸದ್ದು ಕೇಳಿದ ಮೇಲೆ ಏನು ಮಾಡಲಿ ಎಂದು ಯೋಚಿಸುತ್ತಾ ನಿಲ್ಲುವುದಿಲ್ಲ, ಅದು ಮೊದಲೇ ತೀರ್ಮಾನವಾಗಿರುತ್ತದೆ. ಈ ಚೀಟಿಯೂ ಹಾಗೆಯೇ, ತಲೆ ಓಡದ ಹೊತ್ತಿಗೆ ತಲೆ ಸರಿಯಿದ್ದಾಗಲೇ ಕೊಟ್ಟುಕೊಂಡ ಆದೇಶ. ಹೀಗೆ ಹೇಳಿದರೆ ಸೈನ್ಯದವರಿಗೆ ಬೇಗ ಅರ್ಥವಾಗುತ್ತದೆ.

ಊರಲ್ಲಿ ತೋಟ ಮಾಡಿಕೊಂಡಿರುವ ಒಬ್ಬ ನಿವೃತ್ತ ಹವಾಲ್ದಾರರ ಚೀಟಿ ಹೀಗಿರಬಹುದು:

ಶುರುವಾಗೋದು ಹೇಗೆ: ರಾತ್ರಿ ಎರಡಕ್ಕೆ ಎಚ್ಚರ. ಎದೆ ಬಿಗಿಯೋದು. ಎಲ್ಲ ನನ್ನಿಂದಲೇ ಹಾಳಾಯ್ತು ಅಂತ ಒಂದೇ ಸಮ ತಲೇಲಿ ಓಡೋದು.

ನಾನು ಮಾಡೋದು: ಮುಖಕ್ಕೆ ತಣ್ಣೀರು. ಅಂಗಳದಲ್ಲಿ ಓಡಾಡೋದು. ಎಮ್ಮೆಗೆ ಹುಲ್ಲು ಹಾಕೋದು. ಮೊಬೈಲಲ್ಲಿ ಹಳೇ ಹಾಡು.

ಯಾಕೆ ಇರಬೇಕು: ಮಗಳ ಪಿಯುಸಿ. ಅವ್ವ. ನಾನೇ ನೆಟ್ಟ ಅಡಿಕೆ ಸಸಿ.

ಯಾರ ಹತ್ರ ಹೋಗೋದು: ಹಗಲಾದ್ರೆ ಭಾವನ ಅಂಗಡಿ, ಸುಮ್ನೆ ಕೂತ್ರೂ ಸರಿ. ರಾತ್ರಿಯಾದ್ರೆ ಯೂನಿಟ್‌ನ ಬಡ್ಡಿಗೆ (ಜೊತೆಗಾರ ಗೆಳೆಯನಿಗೆ) ಫೋನು. ಹೆಂಡ್ತಿನ ಎಬ್ಬಿಸೋದು, ಎಷ್ಟೊತ್ತಾದ್ರೂ.

ಆಗಲಿಲ್ಲ ಅಂದ್ರೆ: 14416. ಅದೂ ಆಗಲಿಲ್ಲ ಅಂದ್ರೆ ಸೀದಾ ಜಿಲ್ಲಾಸ್ಪತ್ರೆ.

ಇಷ್ಟೇ. ಮೇಲಿಂದ ಕೆಳಕ್ಕೆ ಒಂದೊಂದಾಗಿ ಮಾಡುತ್ತಾ ಹೋಗುವುದು, ಯಾವುದು ಕೆಲಸ ಮಾಡಿತೋ ಅಲ್ಲಿಗೆ ನಿಲ್ಲಿಸುವುದು. ಅಪಾಯ ತೀರಾ ಹತ್ತಿರವಿದೆ ಎನಿಸಿದರೆ ನಡುವಿನದೆಲ್ಲ ಬಿಟ್ಟು ನೇರ ಕೊನೆಯ ಸಾಲಿಗೆ.

ಬರೆದ ಮೇಲೆ ಪ್ರತಿ ಸಾಲನ್ನೂ ಪರೀಕ್ಷಿಸಿ. "ರಾತ್ರಿ ಎರಡಕ್ಕೆ ಇದು ಆಗುತ್ತಾ?" ಎಂದು ಕೇಳಿ. ಯಾವತ್ತೂ ಧ್ಯಾನ ಮಾಡದವರು "ಧ್ಯಾನ ಮಾಡುತ್ತೇನೆ" ಎಂದು ಬರೆದಿದ್ದರೆ ಅದು ನಿಮ್ಮನ್ನು ಸಮಾಧಾನಪಡಿಸಲು ಬರೆದದ್ದು, ಹೊಡೆದುಹಾಕಿಸಿ. ಫೋನಿನಲ್ಲಿ ಬಡ್ಡಿಯ ನಂಬರ್ ಇದೆಯೇ, ಆ ನಂಬರ್ ಈಗಲೂ ನಡೆಯುತ್ತಿದೆಯೇ, ಅಲ್ಲೇ ಒಮ್ಮೆ ಮಾಡಿ ನೋಡಿ. ಆ ಗೆಳೆಯನಿಗೂ ಒಂದು ಮಾತು ತಿಳಿಸಿಡಲಿ, "ರಾತ್ರಿ ಫೋನ್ ಬಂದ್ರೆ ಎತ್ತಪ್ಪ" ಎಂದು. ಬದುಕಲು ಕಾರಣಗಳ ಸಾಲಿನಲ್ಲಿ ಅವಸರ ಮಾಡಬೇಡಿ. ಅಡಿಕೆ ಸಸಿ ಎಂದರೆ ಯಾವ ಸಸಿ, ಎಂದು ನೆಟ್ಟದ್ದು, ಎಷ್ಟೆತ್ತರ ಬಂದಿದೆ ಎಂದೆಲ್ಲ ಕೇಳಿ, ಮಾತಾಡಲು ಬಿಡಿ. ಬ್ರಯಾನ್ ಅವರ ತಂಡವೂ ಒಂದು ಗುಂಪಿನ ಜೊತೆ ಬದುಕುವ ಕಾರಣಗಳ ಬಗ್ಗೆ ಹೀಗೆ ವಿವರವಾಗಿ ಮಾತಾಡಿತ್ತು. ಚೀಟಿ ಪರ್ಸಿನಲ್ಲಿರಲಿ, ಅದರ ಫೋಟೊ ಇಬ್ಬರ ಮೊಬೈಲಲ್ಲೂ ಇರಲಿ.

ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಇದೇ ಬಗೆಯ ಸುರಕ್ಷಾ ಯೋಜನೆಯನ್ನು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಬಳಸಿ ನೋಡಿದ್ದಾರೆ. 1,640 ಜನರ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯೋಜನೆ ಬರೆಸಿ, ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸುತ್ತಾ ಇದ್ದವರ ಗುಂಪಿನಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಆತ್ಮಹತ್ಯಾ ವರ್ತನೆ ಆರು ತಿಂಗಳಲ್ಲಿ ಶೇ. 45ರಷ್ಟು ಕಡಿಮೆಯಿತ್ತು. ಬರೆಸಿ ಕೈಬಿಟ್ಟಿದ್ದಲ್ಲ, ಬೆನ್ನು ಹತ್ತಿ ವಿಚಾರಿಸಿದ್ದೂ ಅದರಲ್ಲಿ ಸೇರಿದೆ ಎಂಬುದನ್ನು ಮರೆಯಬೇಡಿ.

ಕೈಗೆ ಸಿಗದಂತೆ ದೂರ ಇಡಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಅತಿ ಮುಖ್ಯವಾದದ್ದು, ಮನೆಯವರಿಗೆ ಅತಿ ಕಷ್ಟದ್ದೂ ಇದೇ. ಸಾಯಲೇಬೇಕೆಂದು ನಿರ್ಧರಿಸಿದವರನ್ನು ಯಾರು ತಡೆಯಲಾದೀತು ಎನ್ನುತ್ತೇವೆ. ಆದರೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ, ಯತ್ನಿಸಿ ಬದುಕುಳಿದ 82 ಜನರನ್ನು ಕೇಳಿದಾಗ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೇಳಿದ್ದು, ಆ ಸಲದ ಯೋಚನೆ ಬಂದದ್ದಕ್ಕೂ ಕೈಹಾಕಿದ್ದಕ್ಕೂ ನಡುವೆ ಇದ್ದದ್ದು ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ ಎಂದು. ಆ ಸ್ವಲ್ಪ ಹೊತ್ತು ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಇದಕ್ಕೆ ಸೈನ್ಯದಿಂದಲೇ ಬಂದ ಸಾಕ್ಷ್ಯ ಇಸ್ರೇಲಿನದು. ಅಲ್ಲಿನ ಯುವಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ಸೇನೆ ನಿಯಮ ಬದಲಿಸಿತು: ಬಂದೂಕು ನೆಲೆಯಲ್ಲೇ ಬಿಟ್ಟು ಹೋಗಬೇಕು. ಆತ್ಮಹತ್ಯೆ ಪ್ರಮಾಣ ಶೇ. 40ರಷ್ಟು ಇಳಿಯಿತು. ಇಳಿಕೆಯ ಬಹುಪಾಲು ವಾರಾಂತ್ಯದ್ದೇ, ವಾರದ ಉಳಿದ ದಿನಗಳಲ್ಲಿ ಹೇಳುವಂಥ ಬದಲಾವಣೆಯಿರಲಿಲ್ಲ. ವಾರಾಂತ್ಯಕ್ಕೆ ತಡೆದವರು ಸೋಮವಾರ ಬಂದು ಪ್ರಾಣ ಕಳೆದುಕೊಳ್ಳಲಿಲ್ಲ ಎಂದರ್ಥ.

ನಮ್ಮಲ್ಲಿ ಸೇವೆಯಲ್ಲಿರುವ ಜವಾನರು ಆಯುಧ ಮನೆಗೆ ತರುವುದಿಲ್ಲ. ಆದರೆ ಮಾಜಿ ಸೈನಿಕರ ಮನೆಗಳಲ್ಲಿ ಲೈಸೆನ್ಸ್ ಬಂದೂಕಿರುವುದುಂಟು. ಬ್ಯಾಂಕಿನ ಗನ್‌ಮ್ಯಾನ್ ಕೆಲಸಕ್ಕೆ ಸ್ವಂತ ಬಂದೂಕೇ ಅರ್ಹತೆಯಾಗಿರುವುದೂ ಉಂಟು. ಕೊಡಗಿನಲ್ಲಂತೂ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವ ತೋಕನ್ನು (ಬಂದೂಕನ್ನು) ಮನೆಯಿಂದ ಕಳಿಸಿ ಎನ್ನುವುದು ಸಣ್ಣ ಮಾತಲ್ಲ. ಆದ್ದರಿಂದ ಕಿತ್ತುಕೊಳ್ಳಬೇಡಿ, ಅವರು ನೆಮ್ಮದಿಯಾಗಿರುವಾಗ ಅವರ ಒಪ್ಪಿಗೆಯಿಂದಲೇ ಮಾಡಿ. "ನಿಮ್ಮ ನಿದ್ದೆ ಸರಿಹೋಗೋ ತನಕ ಇದು ಸ್ಟೇಷನ್ನಲ್ಲಿರಲಿ" ಎನ್ನಿ. ಚುನಾವಣೆ ಹೊತ್ತಿಗೆ ಬಂದೂಕನ್ನು ಠಾಣೆಯಲ್ಲಿ ಇಟ್ಟುಬರುವುದು ಮಲೆನಾಡಿನ, ಕೊಡಗಿನ ಮನೆಗಳಿಗೆ ಹೊಸದೇನಲ್ಲ. ಊರವರು ಕೇಳಿದರೆ ರಿಪೇರಿಗೆ ಕೊಟ್ಟಿದ್ದೇವೆ ಎಂದರಾಯಿತು. ಠಾಣೆಯಲ್ಲೋ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲೋ ವಿಚಾರಿಸಿ, ರಸೀದಿ ಪಡೆದು ಇಡಿ. ಕಾನೂನಿನ ತೊಡಕಾಗುವುದರಿಂದ ಪಕ್ಕದ ಮನೆಯವರ ಕೈಗೆ ಸುಮ್ಮನೆ ಕೊಡಬೇಡಿ.

ಬೇಸಾಯದ ಮನೆಗಳಲ್ಲಿ ದೊಡ್ಡ ಅಪಾಯ ಬೆಳೆಗೆ ಹೊಡೆಯುವ ಔಷಧಿ. ಬೀಗ ಹಾಕಿದರೆ ಸಾಕು ಎಂದುಕೊಂಡಿದ್ದೆವು. ಆದರೆ ಶ್ರೀಲಂಕಾದ 180 ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಅದರಿಂದ ಆತ್ಮಹತ್ಯಾ ಯತ್ನಗಳು ಇಳಿಯಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಬೀಗದ ಕೈ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರುತ್ತದಲ್ಲವೇ. ಆ ದೇಶದಲ್ಲಿ ಫಲ ಕೊಟ್ಟದ್ದು ಅತಿ ವಿಷಕಾರಿ ಔಷಧಿಗಳನ್ನು ಮಾರಾಟದಿಂದಲೇ ತೆಗೆದುಹಾಕಿದ್ದು. ಚೆನ್ನೈನ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಅವರ ತಂಡ ತಮಿಳುನಾಡಿನ ಹಳ್ಳಿಗಳಲ್ಲಿ ಔಷಧಿಯನ್ನು ಮನೆಯಲ್ಲಿಡದೆ ಊರಿಗೆಲ್ಲ ಒಂದೇ ಕಡೆ ಇಡುವ ವ್ಯವಸ್ಥೆ ಮಾಡಿ ನೋಡಿತು. ನೀವು ಮಾಡಬಹುದಾದದ್ದು: ಹೊಡೆಯುವ ದಿನವೇ ತರಿಸಿ, ಬೇಕಾದಷ್ಟೇ ತರಿಸಿ, ಉಳಿದದ್ದನ್ನು ಬೇರೆ ಮನೆಯಲ್ಲಿಡಿಸಿ. ಮಾತ್ರೆಗಳನ್ನೂ ವಾರಕ್ಕೆ ಬೇಕಾದಷ್ಟೇ ಮನೆಯಲ್ಲಿಟ್ಟುಕೊಳ್ಳಿ. ಈ ದಿನಗಳಲ್ಲಿ ಮದ್ಯದ ಬಾಟಲಿಯೂ ಮನೆಯಲ್ಲಿರದಿದ್ದರೆ ಒಳ್ಳೆಯದು. ಕುಡಿತ ದುಡುಕನ್ನು ಹೆಚ್ಚಿಸುತ್ತದೆ. ಆದರೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ತೊಂದರೆಯಾಗಬಹುದು, ಡಾಕ್ಟರನ್ನು ಕೇಳಿಯೇ ಬಿಡಿಸಿ.

ಡಾಕ್ಟರ ಹತ್ತಿರ

ಸೇವೆಯಲ್ಲಿರುವವರ ಮೊದಲ ಭಯ ಕೆಟಗರಿಯದು, ಅಂದರೆ ಸೈನ್ಯ ಕೊಡುವ ಆರೋಗ್ಯದ ದರ್ಜೆಯದು. ಹೇಳಿಕೊಂಡರೆ ಲೋ ಮೆಡಿಕಲ್ ಕೆಟಗರಿಗೆ ಇಳಿಸುತ್ತಾರೆ, ಪ್ರಮೋಷನ್ ಹೋಯಿತು, ಹುಡುಗರೆಲ್ಲ ಆಡಿಕೊಳ್ಳುತ್ತಾರೆ. ಈ ಭಯ ಸುಳ್ಳೇನಲ್ಲ, ಅದನ್ನು ಹಗುರ ಮಾಡಿ ಮಾತಾಡಬೇಡಿ. ಹಾಗೆಂದು ಚಿಕಿತ್ಸೆ ತಪ್ಪಿಸಲೂ ಆಗದು. ಮೊದಲ ಮಾತು ಫೋನಿನಲ್ಲಾಗಲಿ. ಸೇನೆಯವರಿಗೂ ಅವರ ಕುಟುಂಬಕ್ಕೂ ಎಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಟೆಲಿ ಮಾನಸ್‌ನ ವಿಶೇಷ ಘಟಕ ಶುರುವಾಗಿದೆ. ಇಡೀ ದೇಶದ ಟೆಲಿ ಮಾನಸ್‌ಗೆ ಬೆನ್ನೆಲುಬಾಗಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ರೆಫರಲ್ ಸಿಗುತ್ತದೆ. ಅದು ದೂರವಾದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ಮಂಗಳವಾರ ನಡೆಯುತ್ತದೆ. ಕೇಸು ಬೀಳುತ್ತದೆಂದು ಹೆದರಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಡಾಕ್ಟರಿಗೆ ಚೀಟಿ ತೋರಿಸಿ. ಬರೀ ನಿದ್ದೆ ಮಾತ್ರೆ ಬರೆಸಿಕೊಂಡು ಬರದೆ, ಕೌನ್ಸೆಲಿಂಗ್ ಸಿಗುತ್ತದೆಯೇ ಎಂದು ಕೇಳಿ. ಡೇವಿಡ್ ರಡ್ ಮತ್ತು ಸಂಗಡಿಗರು ಫೋರ್ಟ್ ಕಾರ್ಸನ್ನಿನಲ್ಲೇ 152 ಸೈನಿಕರೊಂದಿಗೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಯ ಯೋಚನೆಯನ್ನೇ ಗುರಿಯಾಗಿಸಿಕೊಂಡ ಹನ್ನೆರಡರಷ್ಟು ಭೇಟಿಗಳ ಮಾತಿನ ಚಿಕಿತ್ಸೆ ಪಡೆದವರು ಮುಂದಿನ ಎರಡು ವರ್ಷಗಳಲ್ಲಿ ಯತ್ನಿಸುವ ಸಂಭವ ಉಳಿದವರಿಗಿಂತ ಶೇ. 60ರಷ್ಟು ಕಡಿಮೆಯಿತ್ತು.

ಆಮೇಲೂ ಬಿಡಬೇಡಿ

ಆಸ್ಪತ್ರೆಯಿಂದ ಮನೆಗೆ ಬಂದರು, ಎಲ್ಲ ಸರಿಹೋಯಿತು ಎಂದು ನೆಂಟರೆಲ್ಲ ಹೊರಟುಬಿಡುತ್ತಾರೆ. ಎಚ್ಚರ ಹೆಚ್ಚು ಬೇಕಾದದ್ದು ಆಗಲೇ. ಆರ್ಮಿ ಸ್ಟಾರ್ಸ್ ಲೆಕ್ಕದಲ್ಲಿ, ಮನೋರೋಗ ವಿಭಾಗದಿಂದ ಬಿಡುಗಡೆಯಾದ ನಂತರದ ಒಂದು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ಇಡೀ ಸೇನೆಯ ಪ್ರಮಾಣದ ಸುಮಾರು 14 ಪಟ್ಟಿತ್ತು.

ಆ ವರ್ಷ ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮಾಟೊ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷಗಳ ಕಾಲ ಚಿಕ್ಕ ಚಿಕ್ಕ ಪತ್ರ ಬರೆಸಿದರು. ನೀವು ಚೆನ್ನಾಗಿದ್ದೀರೆಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಇಷ್ಟೇ ಅದರ ಸಾರ. ಪತ್ರ ಹೋದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆ ಕಡಿಮೆಯಿತ್ತು. ಇದೇ ಯೋಚನೆಯನ್ನು ಮೊಬೈಲ್ ಸಂದೇಶವಾಗಿಸಿ, ಅಮೆರಿಕದ ಭೂಸೇನೆ ಮತ್ತು ಮರೀನ್ ದಳದ ಆರುನೂರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅದರ ಮುಖ್ಯ ಅಳತೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ವರ್ಷದೊಳಗೆ ಯತ್ನಿಸಿದವರು ಸಂದೇಶ ಹೋದವರಲ್ಲಿ ಶೇ. 9, ಹೋಗದವರಲ್ಲಿ ಶೇ. 15. ಮೊದಲ ದಿನಕ್ಕೊಂದು, ಮೊದಲ ವಾರಕ್ಕೊಂದು, ಆಮೇಲೆ ತಿಂಗಳಿಗೊಮ್ಮೆ, ಮುಂದೆ ಎರಡು ತಿಂಗಳಿಗೊಮ್ಮೆ, ಹುಟ್ಟುಹಬ್ಬಕ್ಕೊಂದು, ಹೀಗೆ ವರ್ಷಕ್ಕೆ ಬರೀ 11 ಸಂದೇಶ.

ಇದನ್ನು ಸೋದರಮಾವ ಮಾಡಬಹುದು, ಹಳೆಯ ಜೊತೆಗಾರ ಮಾಡಬಹುದು. "ಸಾಹೇಬ್ರೇ, ನೆನಪಾಯ್ತು. ಈ ಸಲ ಮಳೆ ಹೆಂಗಿದೆ ನಿಮ್ಮ ಕಡೆ? ಉತ್ತರ ಬರೀಲೇಬೇಕಂತಿಲ್ಲ." ಮಾತ್ರೆ ತಗೊಂಡ್ರಾ, ಡಾಕ್ಟರ ಹತ್ರ ಹೋದ್ರಾ ಎಂಬ ತನಿಖೆ ಇದರಲ್ಲಿ ಬೇಡ, ಅದಕ್ಕೆ ಮನೆಯವರಿದ್ದಾರೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಫಾರ್ವರ್ಡ್ ಮಾಡಿದರೆ ಲೆಕ್ಕಕ್ಕಿಲ್ಲ. ತಾರೀಕುಗಳನ್ನು ಮೊಬೈಲಿನ ರಿಮೈಂಡರ್‌ಗೆ ಹಾಕಿಟ್ಟುಕೊಳ್ಳಿ, ಉತ್ತರ ಬರದಿದ್ದರೂ ಮುಂದಿನದನ್ನು ಕಳಿಸಿ.

ರಜೆ ಮುಗಿಸಿ ಯೂನಿಟ್‌ಗೆ ಮರಳುವವರಾದರೆ ರೈಲು ಹತ್ತುವ ಮುಂಚೆ ಚೀಟಿಯನ್ನು ಒಮ್ಮೆ ಜೊತೆಯಾಗಿ ತಿದ್ದಿ. ಎಮ್ಮೆ, ಅಂಗಳ, ಭಾವನ ಅಂಗಡಿ ಅಲ್ಲಿರುವುದಿಲ್ಲ. ಆ ಜಾಗದಲ್ಲಿ ಬಡ್ಡಿಯ ಹೆಸರು, ಧರ್ಮಗುರುಗಳೋ ಸುಬೇದಾರ್ ಸಾಹೇಬರೋ ಅವರು ನಂಬುವ ಒಬ್ಬರ ಹೆಸರು, ಮತ್ತು ಸಿಗ್ನಲ್ ಸಿಗದ ಪೋಸ್ಟಿನಲ್ಲಿ ಫೋನ್ ಮಾಡಲು ಯಾವ ಹೊತ್ತು, ಯಾವ ಜಾಗ ಎಂಬುದನ್ನು ಬರೆಸಿ. ತಲುಪಿದ ದಿನ ಮಾಡುವ ಫೋನಿಗೆ ಮಾತ್ರ ಕಾಯದೆ, ಎರಡನೇ ವಾರ ಯಾರು ಫೋನ್ ಮಾಡಬೇಕೆಂದು ಪ್ಲಾಟ್‌ಫಾರ್ಮಿನಲ್ಲೇ ಗೊತ್ತು ಮಾಡಿಕೊಳ್ಳಿ.